ಬಾಹುಬಲಿ ಮಾಸ್ತರರು ಕಂಪ್ಯೂಟರ್ ಕೋಣೆ ತೆರೆದದ್ದು

ಬಾಹುಬಲಿ ಖೋತ ಮಾಸ್ತರರ ಕಂಪ್ಯೂಟರ್ ಕೋಣೆಗೆ ಹೋಗುವುದೂ ಒಂದೇ, ಬಸದಿಗೆ ಹೋಗುವುದೂ ಒಂದೇ ಎಂದು ಅಂಕಲಿ ಭಾಗದ ಆ ಹೈಸ್ಕೂಲಿನ ಮಕ್ಕಳು ನಗುತ್ತಿದ್ದರು. ಚಪ್ಪಲಿ ಹೊರಗೆ ಬಿಡಬೇಕು. ಕಾಲು ತೊಳೆಯಬೇಕು. ಕೈ ಒರೆಸಿಕೊಳ್ಳಬೇಕು. ಒಳಗೆ ಹೋದ ಮೇಲೆ ಕೈಕಟ್ಟಿ ಗೋಡೆಗೆ ಒರಗದಂತೆ ನಿಲ್ಲಬೇಕು. ಇಷ್ಟೆಲ್ಲ ಆಗಿ ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಏನು ಉಳಿಯುತ್ತಿತ್ತೋ ಅಷ್ಟರಲ್ಲಿ ಮಾಸ್ತರರು ಒಂದು ಕಂಪ್ಯೂಟರಿನ ಹೊದಿಕೆ ತೆಗೆದು, ಕೋಲಿನ ತುದಿಯಿಂದ ಮಾನಿಟರು, ಕೀಬೋರ್ಡು, ಮೌಸು ತೋರಿಸುತ್ತಿದ್ದರು. ಕೋಲು ಕೂಡ ತಾಗುತ್ತಿರಲಿಲ್ಲ, ಗೇಣು ದೂರದಲ್ಲೇ ನಿಲ್ಲುತ್ತಿತ್ತು. ಚುರುಕಾದ ನಾಲ್ಕೈದು ಮಕ್ಕಳನ್ನು ಆರಿಸಿ ಅವರಿಗಷ್ಟೇ ಟೈಪಿಂಗ್ ಕಲಿಸುತ್ತಿದ್ದರು. ಉಳಿದವರು ಹತ್ತನೇ ಇಯತ್ತೆ ಪಾಸಾಗಿ ಹೋಗುವವರೆಗೂ ನೋಡುವ ಭಾಗ್ಯ ಪಡೆದವರು, ಅಷ್ಟೇ.

ಇಷ್ಟು ಕೇಳಿ ಅವರನ್ನು ಕೆಟ್ಟ ಮನುಷ್ಯ ಎಂದುಕೊಂಡರೆ ತಪ್ಪಾಗುತ್ತದೆ. ಮಾಸ್ತರರು ಮೊದಲು ಚಿಕ್ಕೋಡಿಯಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದವರು. ಹನ್ನೆರಡು ಟೈಪ್‌ರೈಟರುಗಳಿಗೆ ತಾವೇ ಎಣ್ಣೆ ಬಿಟ್ಟು, ತಾವೇ ರಿಬ್ಬನ್ ಹಾಕಿ ಹದಿನಾಲ್ಕು ವರ್ಷ ಸಾಕಿದರು. ಚೆನ್ನಾಗಿ ನೋಡಿಕೊಂಡರೆ ಮಷೀನು ಕೈಕೊಡುವುದಿಲ್ಲ ಎಂಬುದು ಅವರ ನಂಬಿಕೆ. ಕಾಲ ಬದಲಾಯಿತು, ಕಲಿಯುವವರು ಬರುವುದು ನಿಂತಿತು, ಕ್ಲಾಸಿಗೆ ಬೀಗ ಬಿತ್ತು. ಕೆಲಸವಿಲ್ಲದೆ ಕೂತಿದ್ದ ಆ ದಿನಗಳಲ್ಲೇ ಊರಿನ ಶಿಕ್ಷಣ ಸಂಸ್ಥೆಯವರು ಕರೆದು, 'ಹದಿನಾರು ಕಂಪ್ಯೂಟರ್ ಬಂದಿವೆ, ನೋಡಿಕೊಳ್ಳಿ' ಎಂದು ಕೋಣೆ ಒಪ್ಪಿಸಿದರು. ಅವತ್ತು ಮಾಸ್ತರರು ಮನೆಗೆ ಬಂದು ಕಣ್ಣೀರು ಹಾಕಿದ್ದನ್ನು ಹೆಂಡತಿ ಗಂಗೂಬಾಯಿ ಇವತ್ತಿಗೂ ಹೇಳುತ್ತಾರೆ. ಆ ಹದಿನಾರಕ್ಕೂ ಹಳೆ ಇರಕಲ್ ಸೀರೆ ಹರಿದು ಹೊದಿಕೆ ಹೊಲಿದುಕೊಟ್ಟವರು ಅವರೇ. ಎಳೆಗೂಸಿಗೆ ಕುಂಚಿಗೆ ಹಾಕಿದ ಹಾಗೆ ಕಾಣುತ್ತಿದ್ದವು. ಕೃಷ್ಣೆ ಊರೊಳಗೆ ನುಗ್ಗಿದ ಮಹಾಪೂರದ ವರ್ಷ, ಮನೆಯ ಕಾಳುಕಡಿ ಎತ್ತಿಡುವುದನ್ನು ಬಿಟ್ಟು ಮಾಸ್ತರರು ಶಾಲೆಗೆ ಓಡಿ, ಹದಿನಾರನ್ನೂ ಒಬ್ಬರೇ ಹೊತ್ತು ಮಾಳಿಗೆಗೆ ಸಾಗಿಸಿದ್ದರು. ಮನೆಯಲ್ಲಿ ಎರಡು ಚೀಲ ಜೋಳ ನೀರುಪಾಲಾಯಿತು. ಗಂಗೂಬಾಯಿ ಅದನ್ನೂ ಇವತ್ತಿಗೂ ಹೇಳುತ್ತಾರೆ.

ಅವರ ಅಂಜಿಕೆಗೆ ಕಾರಣವೂ ಇತ್ತು. ಮುಂಜಾನೆ ಕನ್ನಡ ಶಾಖೆ, ಮಧ್ಯಾಹ್ನ ಮರಾಠಿ ಶಾಖೆ. ಕೋಣೆ ಒಂದೇ, ಮಷೀನು ಅವೇ. ಕನ್ನಡದವರು ಕನ್ನಡ ಅಕ್ಷರಕ್ಕೆ ಹೊಂದಿಸಿದರೆ ಮರಾಠಿಯವರಿಗೆ ತ್ರಾಸು, ಅವರು ತಿರುಗಿಸಿಟ್ಟರೆ ಇವರಿಗೆ ತ್ರಾಸು. ಪರದೆಯ ಮೇಲೆ ಒಬ್ಬನು ಟ್ರ್ಯಾಕ್ಟರಿನ ಚಿತ್ರ ಹಾಕಿದರೆ ಇನ್ನೊಬ್ಬನು ಕುಸ್ತಿ ಪೈಲವಾನನನ್ನು ಹಾಕುವವನು. ಹುಡುಗರಾದರೂ ಬೇಕು, ಶಿಕ್ಷಕರದು ಹೇಳತೀರದು. ಮದುವೆಯ ವಿಡಿಯೋ, ಹಾಡು, ಎಲ್ಲ ಪೆನ್‌ಡ್ರೈವಿನಲ್ಲಿ ತಂದು ತುರುಕಿ, ಜೊತೆಗೆ ವೈರಸ್ಸನ್ನೂ ದಾನ ಮಾಡಿ ಹೋಗುತ್ತಿದ್ದರು. ಒಬ್ಬರು ಕೆಡಿಸಿದ್ದನ್ನು ಸರಿಪಡಿಸುವಷ್ಟರಲ್ಲಿ ಇನ್ನೊಬ್ಬರು ಕೆಡಿಸಿರುತ್ತಿದ್ದರು. ಮಾಸ್ತರರಿಗೆ ಹೊಳೆದ ಉಪಾಯ ಒಂದೇ: ಯಾರಿಗೂ ಮುಟ್ಟಗೊಡದಿರುವುದು.

ಈಗ ಸುಜಾತಾಳ ವಿಷಯ ಹೇಳಬೇಕು. ಅದನ್ನು ಬಿಟ್ಟರೆ ಮಾಸ್ತರರ ಬಗ್ಗೆ ಬರೆದದ್ದೆಲ್ಲ ಅರ್ಧ ಸುಳ್ಳಾಗುತ್ತದೆ.

ಹದಿಮೂರು ವರ್ಷದ ಹಿಂದಿನ ಮಾತು. ಸುಜಾತಾ ಆಗ ಒಂಬತ್ತನೇ ಇಯತ್ತೆ. ತಂದೆ ಮಲಕಾರಿ ಕುರಿ ಸಾಕುವವನು. ಗೊಬ್ಬರಕ್ಕೆಂದು ರೈತರ ಹೊಲಗಳಲ್ಲಿ ಹಿಂಡು ನಿಲ್ಲಿಸುತ್ತ ಊರೂರು ತಿರುಗುವವನು. ಅಂಥ ಮನೆಯ ಹುಡುಗಿ ಮಾಸ್ತರರ ಆಯ್ದ ನಾಲ್ಕೈದು ಮಕ್ಕಳಲ್ಲಿ ಒಬ್ಬಳಾಗಿದ್ದಳು, ಅವರಲ್ಲೂ ಮೊದಲಿನವಳು. ಅವಳ ಕೈಮೇಲೆ ಕರವಸ್ತ್ರ ಹೊದಿಸಿ, ಅಕ್ಷರ ನೋಡದೆ ಹತ್ತೂ ಬೆರಳಲ್ಲಿ ಟೈಪ್ ಮಾಡುವುದನ್ನು ಅವರು ಕಲಿಸಿದ್ದರು. ಒಂದು ದಿನ ಹನ್ನೊಂದನೇ ನಂಬರಿನ ಕಂಪ್ಯೂಟರಿನಲ್ಲಿ ಅವಳ ಕಣ್ಣಿಗೆ ಒಂದು ಫೋಲ್ಡರು ಬಿತ್ತು. ಹಾಡಿಲ್ಲ, ಫೋಟೋ ಇಲ್ಲ, ಹೆಸರು ಕೂಡ ಓದಲು ಬಾರದಂಥ ನೂರಾರು ಫೈಲು. ಯಾರೋ ಬಿಟ್ಟುಹೋದ ಕಸವಿರಬೇಕೆಂದು, ಮನೆಯಂಗಳ ಗುಡಿಸುವ ಹುಡುಗಿ ಅದನ್ನೂ ಗುಡಿಸಿಹಾಕಿದಳು. ಮಾರನೇ ದಿನ ಶಾಲೆಗೆ ತಪಾಸಣೆ. ಸಾಹೇಬರು ಬಂದು ಹನ್ನೊಂದನೇ ಕಂಪ್ಯೂಟರಿನ ಮುಂದೆಯೇ ನಿಂತರು. ಅದು ಕಪ್ಪು ಪರದೆ ತೋರಿಸಿ ಸುಮ್ಮನಾಯಿತು. ಅವಳು ಗುಡಿಸಿಹಾಕಿದ್ದು ಅದನ್ನು ನಡೆಸುವ ಫೈಲುಗಳನ್ನೇ, ಹಿಂದಿನ ದಿನ ಅದರ ಮುಂದೆ ಕೂತವಳೂ ಅವಳೊಬ್ಬಳೇ.

ಅದರ ಮರುದಿನ ಬೆಳಿಗ್ಗೆ ಪ್ರಾರ್ಥನೆಯಲ್ಲಿ ಮಾಸ್ತರರು ಸುಜಾತಾಳನ್ನು ಎಲ್ಲರೆದುರು ನಿಲ್ಲಿಸಿದರು. ನಾನೂರು ಮಕ್ಕಳು ಕೇಳುವಂತೆ ಹೇಳಿದರು: "ನೋಡ್ರಿ ಈಕಿನ್ನ. ಕುರಿ ಹಿಕ್ಕಿ ಬಳಿಯೂ ಕೈ ಕಂಪ್ಯೂಟರ್ ಮುಟ್ಟಾಕ ಬಂದೈತಿ. ಇನ್ನ ಈಕಿ ಆ ಬಾಗಲಾ ದಾಟಾಂಗಿಲ್ಲ."

ಹುಡುಗಿ ಅಳಲಿಲ್ಲ. ತನ್ನ ಕೈಗಳನ್ನು ಒಮ್ಮೆ ನೋಡಿಕೊಂಡು ಸಾಲಿಗೆ ಹೋಗಿ ನಿಂತಳು. ಹತ್ತನೇ ಇಯತ್ತೆ ಮುಗಿಯುವವರೆಗೆ ಆ ಬಾಗಿಲು ದಾಟಲೂ ಇಲ್ಲ.

ಇಷ್ಟು ಕಾದುಕೊಂಡರೂ ಕಂಪ್ಯೂಟರುಗಳು ಉಳಿದವೇ? ಇಲ್ಲ. ಈ ವರ್ಷದ ಶ್ರಾವಣದ ಹೊತ್ತಿಗೆ ಹದಿನಾರರಲ್ಲಿ ಹನ್ನೊಂದು ಮಲಗಿದ್ದವು. ಸಂಸ್ಥೆಯ ಅಧ್ಯಕ್ಷರಾದ ದಾದಾಸಾಹೇಬ ಮಗದುಮ್ಮರು ಕೋಣೆಗೆ ಬಂದು, ಸೀರೆಯ ಹೊದಿಕೆಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಕಬ್ಬಿನ ವ್ಯವಹಾರದ ಮನುಷ್ಯ, ಮಾತು ನೇರ.

"ಮಾಸ್ತರ, ಇಲ್ಲಿ ಹೆಣಾ ಕಾಯಾಕತ್ತೀರಿ ನೀವು," ಎಂದರು. "ದಸರಾ ಸೂಟಿ ತನಕಾ ನೋಡ್ತೀನಿ. ಅಷ್ಟರೊಳಗ ಇವು ಚಾಲೂ ಆಗಿ, ಚಾಲೂ ಉಳಿಬೇಕ. ಇಲ್ಲಂದ್ರ ಎಲ್ಲಾ ತಗಸಿ ಈ ಖೋಲಿ ಬಿಸಿಯೂಟದ ಅಕ್ಕಿ ಚೀಲಕ್ಕ ಕೊಡ್ತೀನಿ."

ಮಾಸ್ತರರ ನಿವೃತ್ತಿಗೆ ಎರಡು ವರ್ಷ ಉಳಿದಿದೆ. ತಮ್ಮ ಕಣ್ಣೆದುರೇ ಎರಡನೇ ಸಲ ಮಷೀನುಗಳ ಕೋಣೆಗೆ ಬೀಗ ಬೀಳುವುದೆಂದರೆ ಅವರಿಂದ ತಡೆಯಲಾಗದ ಮಾತು. ಮರುದಿನವೇ ಚಿಕ್ಕೋಡಿಯ ಒಂದು ಕಂಪ್ಯೂಟರ್ ಅಂಗಡಿಗೆ ಹೋಗಿ ಬೇಡಿಕೊಂಡರು. ಅಂಗಡಿಯವರು, "ನಮ್ಮ ಇಂಜಿನಿಯರ್‌ಗ ಕಳಸ್ತೀವಿ, ನೀವು ಆರಾಮ ಹೋಗ್ರಿ," ಎಂದು ಕಳಿಸಿದರು.

ಎರಡು ದಿನ ಬಿಟ್ಟು ಶಾಲೆಯ ಅಂಗಳಕ್ಕೆ ಒಂದು ಸ್ಕೂಟಿ ಬಂತು. ಹೆಲ್ಮೆಟ್ ತೆಗೆದ ಹೆಣ್ಣುಮಗಳು ನೇರ ಕಂಪ್ಯೂಟರ್ ಕೋಣೆಯ ಬಾಗಿಲಿಗೆ ಬಂದು, ಚಪ್ಪಲಿ ಬಿಟ್ಟು, ಒಳಗೆ ಕಾಲಿಡದೆ ನಿಂತಳು.

"ನಮಸ್ಕಾರ್ರಿ ಸರ್ರ. ನಾ ಸುಜಾತಾ. ಮಲಕಾರಿ ಮಗಳು. ಒಳಗ ಬರ್ಲೇನ್ರಿ?"

ಮಾಸ್ತರರಿಗೆ ಗುರುತು ಹತ್ತಲು ಹೆಸರೇ ಬೇಕಿರಲಿಲ್ಲ. ಬಾ ಎನ್ನಬೇಕೋ, ಬರ್ರಿ ಎನ್ನಬೇಕೋ ತಿಳಿಯದೆ, "ಹೂಂ, ಹೂಂ," ಎಂದು ಪಕ್ಕಕ್ಕೆ ಸರಿದರು. ಅವಳು ಒಳಗೆ ಬಂದು ಹಳೆಯ ಮಾತು ಒಂದೂ ಎತ್ತದೆ ಕೆಲಸಕ್ಕೆ ಕೂತಳು. ನಿಪ್ಪಾಣಿಯಲ್ಲಿ ಡಿಪ್ಲೊಮಾ ಮಾಡಿದ್ದಳಂತೆ, ಅಂಗಡಿ ಸೇರಿ ಆರು ವರ್ಷವಾಯಿತಂತೆ. ಇದನ್ನು ಅವಳು ಹೇಳಲಿಲ್ಲ, ಅಂಗಡಿಯ ಚೀಟಿ ಹಿಡಿದು ಬಂದ ಹೆಡ್‌ಮಾಸ್ತರರು ಹೇಳಿದರು. ಮಾಸ್ತರರು ದೂರ ಕೂತು ಅವಳ ಕೈ ನೋಡುತ್ತಿದ್ದರು. ಕೀಬೋರ್ಡಿನ ಕಡೆ ಕಣ್ಣು ಹಾಯಿಸದೆ ಹತ್ತೂ ಬೆರಳು ಓಡಾಡುತ್ತಿದ್ದವು. ಸಂತೋಷಪಡಬೇಕೋ, ನಾಚಬೇಕೋ ಅವರಿಗೆ ತಿಳಿಯಲಿಲ್ಲ. ಎರಡೂ ಆಯಿತು.

ಮೂರು ದಿನದ ಕೆಲಸ. ಹದಿನಾಲ್ಕು ಕಂಪ್ಯೂಟರು ಎದ್ದು ಕೂತವು, ಎರಡು ಮಾತ್ರ ಕೈಬಿಟ್ಟವು. ಮೂರನೇ ದಿನ ಮಧ್ಯಾಹ್ನ ಸುಜಾತಾ ಒಂದು ಕುರ್ಚಿ ಎಳೆದು, "ಸರ್ರ, ಇಲ್ಲಿ ಕುಂದರ್ರಿ," ಎಂದಳು. ಕೂತರು. "ಈಗ ಇದನ್ನ ಹಾಳ ಮಾಡ್ರಿ."

"ಏನಂದಿ?"

"ಹಾಳ ಮಾಡ್ರಿ. ನಿಮಗ ಏನೇನ ಅಂಜಿಕಿ ಐತಿ, ಅದೆಲ್ಲಾ ಮಾಡ್ರಿ. ಫೈಲ್ ಅಳಸ್ರಿ, ಅಕ್ಷರಾ ತಿರುವ್ರಿ, ಸಿಕ್ಕದ್ದ ಒತ್ರಿ."

ಹದಿನೆಂಟು ವರ್ಷ ಗೇಣು ದೂರದಿಂದ ಕೋಲು ಹಿಡಿದ ಮನುಷ್ಯನಿಗೆ ಇದೆಂಥ ಮಾತು! ಮಾಸ್ತರರು ಮೌಸ್ ಹಿಡಿದರು, ಬಿಟ್ಟರು, ಬೆವರು ಒರೆಸಿಕೊಂಡರು. ಕೊನೆಗೆ ಕಣ್ಣುಮುಚ್ಚಿ ಒಂದು ಫೋಲ್ಡರ್ ಅಳಿಸಿದರು. ಏನೂ ಅನಾಹುತವಾಗಲಿಲ್ಲ. ಇನ್ನೊಂದು ಅಳಿಸಿದರು. ಆಮೇಲೆ ಅದೇನು ಹುರುಪು ಬಂತೋ, ಪರದೆಯ ಮೇಲಿದ್ದದ್ದನ್ನೆಲ್ಲ ಬಳಿದು ಹಾಕಿ, ಗಡಿಯಾರವನ್ನು ಹತ್ತು ವರ್ಷ ಹಿಂದಕ್ಕೆ ತಿರುಗಿಸಿ, ನಗುತ್ತ ಕೂತರು. ಸುಜಾತಾ ಕಂಪ್ಯೂಟರನ್ನು ಬಂದ್ ಮಾಡಿ ಮತ್ತೆ ಚಾಲೂ ಮಾಡಿದಳು. ಅಳಿಸಿದ ಒಂದೊಂದೂ ತನ್ನ ತನ್ನ ಜಾಗದಲ್ಲಿ ಬಂದು ಕೂತಿತ್ತು. ಗಡಿಯಾರವೂ ಸರಿ.

"ಒಂದ ಸಾಫ್ಟ್‌ವೇರ್ ಹಾಕೀನ್ರಿ," ಎಂದು ಅವಳು ವಿವರಿಸಿದಳು. "ಹೆಂಗ ಅಂದ್ರ, ಗ್ವಾಡಿ ಮ್ಯಾಲ ಒಂದ ಹಾಳಿ ಹಚ್ಚಿದಂಗ. ಹುಡುಗ್ರು ಗೀಚೂದೆಲ್ಲಾ ಹಾಳಿ ಮ್ಯಾಲ. ಮಷೀನ್ ಹೊಸದಾಗಿ ಚಾಲೂ ಆದಾಗೊಮ್ಮೆ ಆ ಹಾಳಿ ಹರದ ಒಗದು, ಹೊಸಾ ಹಾಳಿ ಹಚ್ಕೋತೈತಿ. ಗ್ವಾಡಿ ಮೊದಲಿದ್ದಂಗ. ಅವರು ಬರದಿದ್ದು ಉಳೀಬೇಕಂದ್ರ ಬ್ಯಾರೆ ಜಾಗಾ ಮಾಡೀನಿ, ಅಲ್ಲಿ ಇಟ್ರ ಅಳಸೂದಿಲ್ಲ. ಗ್ವಾಡಿನ ಬದಲಸೂ ಪಾಸ್‌ವರ್ಡ್ ನಿಮ್ಮ ಹಂತ್ಯಾಕ ಇರಲಿ."

ಮಾಸ್ತರರಿಗೆ ಆ ಗಳಿಗೆ ಅವಳ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳಬೇಕೆನಿಸಿತು. ಹಾಗೆ ಮಾಡಲಿಲ್ಲ. "ಭಾಳ ಉಪಕಾರ ಆತ್ ತಂಗಿ," ಎಂದಷ್ಟೇ ಹೇಳಿದರು. ಹೇಳಬೇಕಾದ ಮಾತು ಅದಲ್ಲವೆಂದು ಅವರಿಗೂ ಗೊತ್ತಿತ್ತು.

ಹಳೆಯ ರೂಢಿ ಒಮ್ಮೆಗೇ ಹೋದೀತೇ? ದಸರೆಯವರೆಗೆ ಹತ್ತನೇ ಇಯತ್ತೆಯವರಷ್ಟೇ ಮುಟ್ಟಲಿ, ಸಣ್ಣವರು ಆಮೇಲೆ ನೋಡೋಣ ಎಂದು ಮಾಸ್ತರರು ತೀರ್ಮಾನಿಸಿದರು. ಆದರೆ ಎಡವಟ್ಟು ಮೊದಲ ವಾರದಲ್ಲೇ ಆಯಿತು, ಅದೂ ಅವರಿಂದಲೇ. ಸುಜಾತಾ, 'ಯಾವ ಸ್ಥಿತಿಯಲ್ಲಿ ಭದ್ರ ಮಾಡಲಿ' ಎಂದು ಕೇಳಿದ್ದಾಗ ಮಾಸ್ತರರು, 'ಈಗ ಹೆಂಗೈತಿ ಹಂಗ' ಎಂದುಬಿಟ್ಟಿದ್ದರು. ಅದು ಮಧ್ಯಾಹ್ನದ ಹೊತ್ತು, ಮರಾಠಿ ಶಾಖೆಯ ಪಾಳಿ. ಹೀಗಾಗಿ ದಿನಾ ಮುಂಜಾನೆ ಹದಿನಾಲ್ಕೂ ಕಂಪ್ಯೂಟರು ಮರಾಠಿಯಲ್ಲೇ ಎಚ್ಚರಾಗತೊಡಗಿದವು. ಕನ್ನಡ ಶಾಖೆಯ ಭೂಪಾಲ ಸರ್ ದಿನಾ ಕನ್ನಡಕ್ಕೆ ತಿರುಗಿಸುವುದು, ಮರುದಿನ ಅವು ಮತ್ತೆ ಮರಾಠಿಗೆ ಹೋಗಿ ಕೂಡುವುದು. ಬೇರೆ ಊರಾಗಿದ್ದರೆ ನಕ್ಕು ಬಿಡುತ್ತಿದ್ದರು. ಇದು ಗಡಿಭಾಗ. ನಾಲ್ಕನೇ ದಿನ ಚಹಾದಂಗಡಿಯಿಂದ ನಾಲ್ಕು ಜನ ಎದ್ದು ಬಂದು, ಇದು ಯಾರ ಹುನ್ನಾರ ಎಂದು ಹೆಡ್‌ಮಾಸ್ತರರನ್ನು ಕೇಳಿದರು. ಅವರು ಹೋದ ಬೆನ್ನಿಗೇ ಮರಾಠಿ ಶಾಖೆಯ ಪಾಲಕರು ಬಂದು, ತಿರುಗಿಸುವವರು ಯಾರು ಎಂದು ಕೇಳಿದರು. ಸುದ್ದಿ ದಾದಾಸಾಹೇಬರಿಗೆ ಮುಟ್ಟಿದರೆ ದಸರೆಯವರೆಗೂ ಕಾಯಲಿಕ್ಕಿಲ್ಲವೆಂದು ಅಂಜಿ ಮಾಸ್ತರರು ಸುಜಾತಾಳಿಗೆ ಫೋನು ಮಾಡಿದರು. ಅವಳು ಗಂಟೆಯೊಳಗೆ ಬಂದು ಭದ್ರತೆ ಬಿಚ್ಚಿ, ಎರಡೂ ಭಾಷೆಯ ಗುಂಡಿಗಳನ್ನು ಅಕ್ಕಪಕ್ಕ ಇಟ್ಟು, ಕೂತವರು ತಮಗೆ ಬೇಕಾದ್ದನ್ನು ಆರಿಸಿಕೊಳ್ಳುವಂತೆ ಮಾಡಿ, ಮತ್ತೆ ಭದ್ರ ಮಾಡಿದಳು. ಎರಡೂ ಕಡೆಯವರು ಚಹಾ ಕುಡಿದು ಹೋದರು.

"ಸರ್ರ, ಮಷೀನಿಂದ ತಪ್ಪಿಲ್ಲ," ಎಂದಳು ಹೊರಡುವಾಗ. "ಯಾವ ಗಳಿಗಿ ಹಿಡದ ಇಟ್ಟಿರತೀವಿ, ಮತ್ತ ಮತ್ತ ಅಲ್ಲಿಗೇ ಹೋಗ್ತೈತಿ ಅದು."

ಆ ಮಾತು ಮಾಸ್ತರರ ತಲೆಯಿಂದ ಹೋಗಲೇ ಇಲ್ಲ. ತಾವೂ ಹದಿಮೂರು ವರ್ಷದಿಂದ ಒಂದು ಪ್ರಾರ್ಥನೆಯ ಬೆಳಗಿಗೆ ಮತ್ತೆ ಮತ್ತೆ ಹೋಗುತ್ತಿದ್ದದ್ದು ಅವರಿಗಷ್ಟೇ ಗೊತ್ತು. ಅವಳೂ ಅಲ್ಲಿಗೇ ಹೋಗುತ್ತಾಳೇನೋ ಎಂದು ಯೋಚಿಸಿದ್ದು ಅದೇ ಮೊದಲು.

ಭಾದ್ರಪದದ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿ ಬಂತು. ಜೈನರ ಮನೆಗಳಲ್ಲಿ ಅದು ಒಬ್ಬರಿಗೊಬ್ಬರು ಕೈಮುಗಿದು, ವರ್ಷವಿಡೀ ತಿಳಿದೋ ತಿಳಿಯದೆಯೋ ನೋಯಿಸಿದ್ದಕ್ಕೆ ಕ್ಷಮೆ ಕೇಳುವ ದಿನ. ಮಾಸ್ತರರು ಪ್ರತಿ ವರ್ಷ ಬಸದಿಯಲ್ಲಿ ನೂರು ಜನರ ಮುಂದೆ ಕೈಮುಗಿದವರೇ. ಆ ನೂರರಲ್ಲಿ ತೊಂಬತ್ತು ಜನರನ್ನು ಅವರು ಯಾವತ್ತೂ ನೋಯಿಸಿದವರಲ್ಲ. ಈ ಸಲ ಮನೆಗೆ ಬಂದು ಪಡಸಾಲೆಯಲ್ಲಿ ಕೂತು, ಎಂದೂ ಹೇಳದಿದ್ದನ್ನು ಗಂಗೂಬಾಯಿಗೆ ಹೇಳಿದರು. ಪ್ರಾರ್ಥನೆಯಲ್ಲಿ ಆಡಿದ ಮಾತನ್ನು ಒಂದಕ್ಷರ ಬಿಡದೆ ಹೇಳಿದರು.

"ಚಿಕ್ಕೋಡಿಗೆ ಹೋಗಿ, ಅಂಗಡ್ಯಾಗ ಆಕಿ ಒಬ್ಬಾಕಿನ ಇದ್ದಾಗ ಕ್ಷಮಾ ಕೇಳಿ ಬರ್ತೀನಿ," ಎಂದರು ಮಾಸ್ತರರು.

"ಯಾಕ್ರಿ? ಅಂದದ್ದು ನಾನೂರ ಮಂದಿ ಮುಂದ. ಕೇಳೂದ ಮಾತ್ರ ಮೂಲ್ಯಾಗೇನ್ರಿ?"

ಮಾಸ್ತರರು ಚಿಕ್ಕೋಡಿಗೆ ಹೋಗಲಿಲ್ಲ.

ದಸರಾ ರಜೆಯ ಹಿಂದಿನ ದಿನ ದಾದಾಸಾಹೇಬರು ಕಮಿಟಿಯವರನ್ನು ಕರೆದುಕೊಂಡು ಬಂದರು. ಹದಿನಾಲ್ಕೂ ಚಾಲೂ ಇದ್ದವು. ನಂಬದೆ, ತಾವೇ ಒಂದರ ಮುಂದೆ ಕೂತು, ದಪ್ಪ ಬೆರಳಿನಿಂದ ಸಿಕ್ಕಿದ್ದನ್ನೆಲ್ಲ ಒತ್ತಿ ಕಂಪ್ಯೂಟರಿನ ಅವತಾರ ಕೆಡಿಸಿದರು. ಮಾಸ್ತರರು ಅದನ್ನು ಬಂದ್ ಮಾಡಿ ಚಾಲೂ ಮಾಡಿದರು. ಮೊದಲಿನಂತೆಯೇ ಬಂತು. "ಆಯ್ಲಾ!" ಎಂದು ದಾದಾಸಾಹೇಬರು ಮರಾಠಿಯಲ್ಲಿ ಉದ್ಗರಿಸಿ, ಕನ್ನಡದಲ್ಲಿ ತೀರ್ಪು ಕೊಟ್ಟರು: "ಅಕ್ಕಿ ಚೀಲಾ ಬ್ಯಾರೆ ಕಡೆ ಇಡೂಣು. ಖೋಲಿ ಮಾಸ್ತರದ್ದು." ಮಾಸ್ತರರ ಮನಸ್ಸು ಹಗುರವಾಯಿತು.

ಆಮೇಲೆ ಮೈದಾನದಲ್ಲಿ ಎರಡೂ ಶಾಖೆಯ ಮಕ್ಕಳನ್ನು ಕೂಡಿಸಿ, ಚಿಕ್ಕೋಡಿಯಿಂದ ಕರೆಸಿದ್ದ ಸುಜಾತಾಳಿಗೆ ಶಾಲು, ತೆಂಗಿನಕಾಯಿ ಕೊಟ್ಟರು. ಎರಡು ಮಾತು ಹೇಳಿ ಎಂದು ಮಾಸ್ತರರ ಕೈಗೆ ಮೈಕು ಬಂತು.

"ಮಕ್ಕಳ್ರಾ," ಎಂದು ಶುರುಮಾಡಿದರು. "ಈ ತಂಗಿ ಇದ ಸಾಲ್ಯಾಗ ಕಲತಾಕಿ. ಹದಿಮೂರ ವರ್ಷದ ಹಿಂದ ಇದ ಜಾಗಾದಾಗ ಈಕಿನ್ನ ನಿಲ್ಲಿಸಿ, ಕುರಿ ಹಿಕ್ಕಿ ಬಳಿಯೂ ಕೈ ಕಂಪ್ಯೂಟರ್ ಮುಟ್ಟಬಾರದಂತ ನಾ ಅಂದಿದ್ದೆ. ಆ ಕೈ ಇವತ್ತ ನಿಮ್ಮ ಖೋಲಿ ಉಳಿಸೈತಿ, ನನ್ನ ಮರ್ಯಾದಿ ಉಳಿಸೈತಿ. ನಾ ಅಂದದ್ದು ತಪ್ಪು. ಮಷೀನಿಗೆ ಅಂಜಿ ಅಂದದ್ದಲ್ಲ ಅದು, ಸೊಕ್ಕಿಲೆ ಅಂದದ್ದು. ಸುಜಾತಾ, ನನಗ ಕ್ಷಮಾ ಮಾಡವಾ." ಹೀಗೆಂದು, ಬಸದಿಯಲ್ಲಿ ಮುಗಿಯುವಂತೆಯೇ ಎರಡೂ ಕೈ ಮುಗಿದು, ಇಳಿಸದೆ ನಿಂತರು.

ಸುಜಾತಾ ಎದ್ದು ಬಂದು ಮೊದಲು ಅವರ ಕೈ ಇಳಿಸಿದಳು. ಆಮೇಲೆ ಮೈಕು ತಗೊಂಡಳು.

"ಸರ್ ಹೇಳಿದ್ದು ಖರೆ. ಆ ಮಾತ ನಾ ಮರತಿಲ್ಲ, ಮರೀತೀನಿ ಅಂತ ಸುಳ್ಳ ಹೇಳೂದಿಲ್ಲ. ಆದ್ರ ಹತ್ತ ಬೆರಳಿಗೆ ಕೆಲಸಾ ಕಲಿಸಿದವ್ರೂ ಇವರ. ಅದರ ಮ್ಯಾಲ ನನ್ನ ಜೀವನಾ ನಡದೈತಿ. ಅದನ್ನೂ ಮರತಿಲ್ಲ. ಇವತ್ತ ಕ್ಷಮಾ ಕೇಳ್ಯಾರ, ನಾ ಕೊಟ್ಟೀನಿ." ಆಮೇಲೆ ಮಕ್ಕಳ ಕಡೆ ತಿರುಗಿದಳು. "ನಿಮ್ಮೊಳಗ ಇನ್ನೂ ತನಕಾ ಒಂದ ಸರ್ತಿನೂ ಕಂಪ್ಯೂಟರ್ ಮುಟ್ಟದವ್ರು ಯಾರ ಅದೀರಿ? ಅಂಜಬ್ಯಾಡ್ರಿ, ಕೈ ಎತ್ರಿ."

ಹಿಂದಿನ ಸಾಲಿನಿಂದ ಒಂದು ಕೈ ಎದ್ದಿತು. ಅದರ ಪಕ್ಕ ಇನ್ನೊಂದು. ಎಂಟನೆಯವರದು, ಒಂಬತ್ತನೆಯವರದು, ಕನ್ನಡದವರದು, ಮರಾಠಿಯವರದು. ಮಾಸ್ತರರು ಎಣಿಸಲು ಶುರುಮಾಡಿ ಎಂಬತ್ತರ ಹತ್ತಿರ ಬಿಟ್ಟುಬಿಟ್ಟರು. ಕೈಗಳು ಏಳುತ್ತಲೇ ಇದ್ದವು. ಒಬ್ಬ ಸುಜಾತಾಳಿಗೆ ಬಾಗಿಲು ಮುಚ್ಚಿದೆನೆಂದು ಇಷ್ಟು ದಿನ ಅವರು ಕೊರಗಿದ್ದರು. ಉಳಿದವರ ಲೆಕ್ಕ ಅವರ ಎದುರಿಗೆ ಇಡೀ ಮೈದಾನ ತುಂಬಿ ನಿಂತಿತ್ತು. ಅಳು ಬಂತು. ಇನ್ನೂ ಎರಡು ವರ್ಷದ ಸರ್ವಿಸು ಉಳಿಸಿಕೊಟ್ಟವಳು ಪಕ್ಕದಲ್ಲೇ ನಿಂತಿದ್ದಾಳಲ್ಲ ಎಂದು ಮನಸ್ಸು ತುಂಬಿಯೂ ಬಂತು.

ಅವತ್ತಿನ ಸಭೆ ಅಲ್ಲಿಗೇ ಮುಗಿಯಿತು, ಯಾರೂ ವಂದನಾರ್ಪಣೆ ಮಾಡಲಿಲ್ಲ. ಮಾಸ್ತರರು ಮುಂದೆ, ಮಕ್ಕಳು ಹಿಂದೆ. ಬಾಗಿಲಲ್ಲಿ ಎಂಟನೇ ಇಯತ್ತೆಯ ಒಬ್ಬ ಹುಡುಗಿ, ರೂಢಿಯಂತೆ ಕೈಕಟ್ಟಿ ನಿಂತು ಕೇಳಿದಳು: "ಸರ್, ಯಾವ್ಯಾವ ಮುಟ್ಟಬಾರದ್ರಿ?"

ಮಾಸ್ತರರು ಬಗ್ಗಿ ಅವಳ ಕಟ್ಟಿದ ಕೈಗಳನ್ನು ಮೆಲ್ಲಗೆ ಬಿಡಿಸಿದರು.

"ಅಂಥಾದ್ದು ಒಂದೂ ಇಲ್ಲವಾ," ಎಂದರು. "ಹೋಗು."